ಬಾಂಡ್ಲಿ ಕೆಳಗಿಟ್ಟರೆ ಗಲಾಟೆ ಅಂತೀರಲ್ಲ!

ಕಟ್ಟಡ ಕೆಲಸದವರು ಬಾಂಡ್ಲಿ ಕೆಳಗಿಟ್ಟು ಗೇಟಿನ ಮುಂದೆ ಕೂತರೆ ಸಾಕು, "ಲೇಬರ್ ಗಲಾಟೆ" ಅಂತ ಪೊಲೀಸ್ ಜೀಪು ಬಂದುಬಿಡುತ್ತೆ. ಲೇಬರ್ ಇನ್‌ಸ್ಪೆಕ್ಟರ್ ಬರೋದು ಯಾರಾದರೂ ಸತ್ತ ಮೇಲೆ. ಅಷ್ಟಕ್ಕೂ ಅವರು ಕೇಳ್ತಿರೋದೇನು? 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದದ್ದು.

ಕುಡಿಯೋ ನೀರು ಅಂತ ಕೆಲಸದವರಿಗೆ ಅರ್ಥವಾಗೋ ಭಾಷೇಲಿ ಬರೆದಿಡಬೇಕು, ಕಕ್ಕಸಿನಿಂದ 6 ಮೀಟರ್ ಒಳಗೆ ಇಡಬಾರದು ಅಂತಿತ್ತು ಕಾಯ್ದೆ. ಸೈಟಲ್ಲಿರೋದು ಒಂದೇ ನೀಲಿ ಡ್ರಮ್ಮು. ಕಾಂಕ್ರೀಟ್ ಗಟ್ಟಿಯಾಗಲಿ ಅಂತ ನೀರುಣಿಸೋ ಕ್ಯೂರಿಂಗ್‌ಗೂ ಅದೇ ಟ್ಯಾಂಕರ್ ನೀರು, ಕರಣೆ ತೊಳೆಯೋಕೂ ಅದೇ, ಕುಡಿಯೋಕೂ ಅದೇ. ತಳದಲ್ಲಿ ಸಿಮೆಂಟ್ ರಾಡಿ, ಅಂಚಿಗೆ ಪಾಚಿ. 50 ಜನಕ್ಕಿಂತ ಕಡಿಮೆ ಇದ್ದರೆ ಪ್ರತ್ಯೇಕ ಮೂತ್ರಾಲಯ ಬೇಕಿಲ್ಲ ಅಂತ ಆ ಕಾಯ್ದೇಲಿದ್ದ ಒಂದು ಸಾಲು ಹಿಡಿದು, ಶೌಚಾಲಯವನ್ನೇ ತಪ್ಪಿಸೋಕೆ ಕಂಟ್ರಾಕ್ಟರ್‌ಗಳು ಹಾಜರಿ ಪುಸ್ತಕವನ್ನೇ ಒಡೀತಾರೆ: ಕಾಂಕ್ರೀಟಿಗೆ ಅಚ್ಚು ಕಟ್ಟೋ ಸೆಂಟ್ರಿಂಗ್‌ನವರು ಒಬ್ಬ ಮೇಸ್ತ್ರಿ ಲೆಕ್ಕಕ್ಕೆ, ಕಂಬಿ ಕಟ್ಟೋರು ಇನ್ನೊಬ್ಬನಿಗೆ, ಗಾರೆಯವರು ಮತ್ತೊಬ್ಬನಿಗೆ. ಕಾಗದದ ಮೇಲೆ ಯಾರೂ 50 ಮುಟ್ಟಲ್ಲ. ಹೆಂಗಸರು ಕತ್ತಲಾಗೋವರೆಗೆ ತಡ್ಕೊಳ್ಳೋಕೆ ನೀರೇ ಕುಡಿಯಲ್ಲ, ಆಮೇಲೆ ಉರಿಮೂತ್ರ ಅಂತ ನರಳ್ತಾರೆ.

ಮೋಲ್ಡ್ ಹಾಕೋ, ಅಂದ್ರೆ ತಾರಸಿಗೆ ಕಾಂಕ್ರೀಟ್ ಸುರಿಯೋ ದಿನದ್ದು ಬೇರೆಯೇ ಹಿಂಸೆ. ನಡುವೆ ನಿಲ್ಲಿಸಿದರೆ ಹಳೇ ಕಾಂಕ್ರೀಟ್ ಬಿಗಿದುಕೊಂಡು ಹೊಸದು ಬೆಸೆಯಲ್ಲ, ಕೋಲ್ಡ್ ಜಾಯಿಂಟ್ ಆಗಿ ಅಲ್ಲೇ ಸೋರುತ್ತೆ. ಸರಿ, ನಿಲ್ಲಿಸಬೇಡಿ. ಆದರೆ ಬೆಳಗ್ಗೆ 7ಕ್ಕೆ ಬಂದವರೇ ರಾತ್ರಿ 11ರ ತನಕ ಯಾಕೆ ಹೊರಬೇಕು? ಎರಡನೇ ಗ್ಯಾಂಗ್ ಕರೆಸೋಕೇನು ಕಷ್ಟ? ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಅಂತಿದೆ ಕಾನೂನು, ಕೈಗೆ ಬರೋದು ಒಂದು ಬಿರಿಯಾನಿ ಪೊಟ್ಟಣ. ಗಮ್‌ಬೂಟ್ ಇಲ್ಲದೆ ಹಸಿ ಕಾಂಕ್ರೀಟಲ್ಲಿ ನಿಂತವರ ಪಾದ ನೋಡಿ. ಸಿಮೆಂಟಿನ ಕ್ಷಾರ ಬೆರಳ ಸಂದಿಯ ಚರ್ಮ ತಿಂದಿರುತ್ತೆ. ಉರಿ ಗೊತ್ತಾಗೋ ಹೊತ್ತಿಗೆ ಹುಣ್ಣಾಗಿರುತ್ತೆ.

ಪಾಯದ ಗುಂಡಿ 1.5 ಮೀಟರ್ ದಾಟಿದ ಮೇಲೆ ಮಣ್ಣು ಕುಸಿಯದ ಹಾಗೆ ಹಲಗೆ, ಅಡ್ಡಮರ ಕೊಡಲೇಬೇಕು. ಕೊಡೋದಿರಲಿ, ಅಗೆದ ಮಣ್ಣನ್ನೂ ಅಂಚಿಗೇ ರಾಶಿ ಹಾಕಿ, ಮಳೆ ಹೊಯ್ದ ಮಾರನೇ ದಿನ ಜನರನ್ನ ಒಳಗಿಳಿಸ್ತಾರೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತೆ ಸ್ವಾಮಿ. ಎದೆಮಟ್ಟ ಹೂತರೂ ಉಸಿರು ಎಳೆಯೋಕಾಗಲ್ಲ.

ಬಟವಾಡೆಯಲ್ಲಿ ಒಂದು ವಾರದ ಕೂಲಿ ಹಿಡಿದಿಟ್ಕೊಳ್ಳೋದು, ಬಿಟ್ಟು ಹೋಗದಿರಲಿ ಅಂತ. ಕರ್ನಾಟಕ ಸರ್ಕಾರವೂ ಇದನ್ನೇ ಮಾಡಿದ್ದಲ್ವಾ? 2020ರ ಮೇನಲ್ಲಿ ಬಿಲ್ಡರ್‌ಗಳ ಜೊತೆ ಸಭೆ ಮುಗಿಸಿದ ಕೂಡಲೇ ಲಾಕ್‌ಡೌನಲ್ಲಿ ಸಿಕ್ಕಿಬಿದ್ದ ವಲಸೆ ಕಾರ್ಮಿಕರನ್ನ ಊರಿಗೆ ಕಳಿಸೋ ಶ್ರಮಿಕ ರೈಲುಗಳನ್ನ ರದ್ದು ಮಾಡಿತು. ದೇಶವೆಲ್ಲ ಉಗಿದ ಮೇಲೆ ಮತ್ತೆ ಬಿಟ್ಟರು.

ಇನ್ನು ಲೇಬರ್ ಕಾರ್ಡು, ಅಂದ್ರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ ಕಾರ್ಡು. ಇವರ ಹೆಸರಲ್ಲೇ ನಿರ್ಮಾಣ ವೆಚ್ಚದ 1% ಸೆಸ್ ವಸೂಲಾಗುತ್ತೆ, ಆದರೆ ಕಾರ್ಡಿಗೆ 12 ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ಸಹಿ ಹಾಕಿದರೆ ಕೆಲಸಕ್ಕಿಟ್ಟುಕೊಂಡದ್ದು ಒಪ್ಪಿಕೊಂಡ ಹಾಗೆ ಅಂತ ಕಂಟ್ರಾಕ್ಟರ್ ಪೆನ್ನೇ ಮುಟ್ಟಲ್ಲ. ನಾಳೆ ಸಾರ್ವೆಯಿಂದ ಬಿದ್ದರೆ ಹೆಂಡತಿ ಮಕ್ಕಳು ಮಂಡಳಿ ಮುಂದೆ ಯಾವ ಕಾಗದ ಹಿಡಿದು ನಿಲ್ಲಬೇಕು? ಆ ಒಂದು ಸಹಿ ಕೇಳಿ ಗೇಟಲ್ಲಿ ಕೂತವರನ್ನ ಜೀಪಿಗೆ ಹತ್ತಿಸ್ತೀರಿ.