ಸ್ಪಷ್ಟನೆ: 'ದಿ ರೌಂಡಪ್' ಮೊದಲನೇ ಪಾರ್ಟ್ ಅಲ್ಲ

ಕೊರಿಯನ್ ನಟ ಮಾ ಡಾಂಗ್-ಸಿಯೋಕ್ ಪೊಲೀಸ್ ಸಿನಿಮಾ ಸೀರೀಸ್ 2022ರ 'ದಿ ರೌಂಡಪ್'ನಿಂದ ಶುರು ಅಂತ ಒಂದು ಮೆಸೇಜ್ ಓಡಾಡ್ತಿದೆ, ನಾನೂ ಹೋದ ವಾರ ಹಾಗೇ ಬರೆದಿದ್ದೆ, ಅದು ತಪ್ಪು. ಮೊದಲನೇದು 2017ರ 'ದಿ ಔಟ್‌ಲಾಸ್', ರೌಂಡಪ್ ಎರಡನೇದು. ಕೊರಿಯನ್‌ನಲ್ಲಿ ಎಲ್ಲದಕ್ಕೂ 'ಬಮ್ಜೆ ದೋಶಿ' ಅಂತ ಒಂದೇ ಹೆಸರು, ಅಂದ್ರೆ ಅಪರಾಧ ನಗರ, ಮುಂದೆ ನಂಬರ್ ಅಷ್ಟೇ, ಇಂಗ್ಲಿಷ್‌ನಲ್ಲಿ ಮಾತ್ರ ಹೆಸರು ಬದಲಾಗಿರೋದಕ್ಕೆ ಈ ಗೊಂದಲ.

ಕಥೆಯಲ್ಲೂ ಗೊತ್ತಾಗುತ್ತೆ, ಮೊದಲನೇದು 2004ರ ಸೋಲ್ ನಗರದ್ದು, ಎರಡನೇದು 2008, ಡಿಟೆಕ್ಟಿವ್ ಮಾ ಸಿಯೋಕ್-ದೋ (ಮಾ ಡಾಂಗ್-ಸಿಯೋಕ್ ಮಾಡಿರೋ ಪಾತ್ರ) ಆರೋಪಿನ ಕರ್ಕೊಂಡು ಬರೋಕೆ ವಿಯೆಟ್ನಾಂಗೆ ಹೋಗ್ತಾನೆ. ಮೊದಲನೇದ್ರಲ್ಲಿ ಗ್ಯಾಂಗ್ ನಡೆಸ್ತಿದ್ದ ಜಾಂಗ್ ಇ-ಸು ಎರಡನೇದ್ರಲ್ಲಿ ಡಿಟೆಕ್ಟಿವ್ ಸಿಯೋಕ್-ದೋನ ನೋಡಿ ಬೆವರೋದು ಯಾಕೆ ಅಂತ, ಹಳೇದು ನೋಡಿದವರಿಗೇ ಅರ್ಥ ಆಗೋದು, ಆ ಮಜಾ ತಪ್ಪಿಸ್ಕೋಬೇಡಿ.

ದಯವಿಟ್ಟು ಆ ಹಳೇ ಮೆಸೇಜ್ ಫಾರ್ವರ್ಡ್ ಮಾಡ್ಬೇಡಿ, ಕಳಿಸಿದ್ರೆ ಡಿಲೀಟ್ ಮಾಡಿ ಇದನ್ನ ಹಾಕಿ.