ಉಂಡು ಮಲಗುವ ತನಕ ಎನ್ನುವ ಗಾದೆ

ಮಧ್ಯಾಹ್ನದಿಂದ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡಂತಾಗಿದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ನಾನು ಕೆಲಸ ಮಾಡುವುದು ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಬೀಜ ಹಸನು ಮಾಡುವ ಕಾರ್ಖಾನೆಯಲ್ಲಿ. ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ ಬಂದ ಮೇಲೂ ನಮ್ಮಲ್ಲಿ ಕೈಯಿಂದ ಆರಿಸುವ ಹೆಂಗಸರಿದ್ದಾರೆ. ಅವರಲ್ಲೊಬ್ಬಳು ಇವತ್ತು ಎಡಗೈಯಲ್ಲಿ ಬೀಜ ಆರಿಸುತ್ತಿದ್ದಳು. ಊದಿದ ಬಲಗೈ ಮಣಿಕಟ್ಟನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ‘ಬಚ್ಚಲಿನಲ್ಲಿ ಜಾರಿ ಬಿದ್ದೆ ಮೇಡಂ’ ಎಂದಳು. ಈ ವರ್ಷ ಅವಳು ಇದೇ ಮಾತು ಹೇಳಿದ್ದು ಮೂರನೆಯ ಸಲ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಊಟದ ಹೊತ್ತಿಗೆ ಮಹಡಿಯ ಕಚೇರಿಯಲ್ಲಿ ಈ ಮಾತು ಎತ್ತಿದೆ. ಹಿರಿಯ ಸಹೋದ್ಯೋಗಿಯೊಬ್ಬರು ಮಜ್ಜಿಗೆ ಅನ್ನ ಕಲಸುತ್ತಲೇ, ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದರು. ನಾಲ್ಕು ಜನ ತಲೆಯಾಡಿಸಿದರು. ಮಾತು ಅಲ್ಲಿಗೆ ಮುಗಿಯಿತು.

ಯಾವ ಜಗಳ? ಜಗಳಕ್ಕೆ ಇಬ್ಬರು ಬೇಕು. ಒಬ್ಬನು ಹೊಡೆದು ಇನ್ನೊಬ್ಬಳು ಕೈ ಮುಚ್ಚಿಕೊಂಡು ಬರುವುದಕ್ಕೆ ಜಗಳವೆಂಬ ಹೆಸರೇ ಸಲ್ಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದಾರೆ. ಆರಿಸುವ ಶೆಡ್ಡಿನಲ್ಲಿ ಕುಳಿತವರ ಸಾಲಿನ ಮೇಲೆ ಈ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ನಮಗೆ ಗೊತ್ತಾಗುವುದಿಲ್ಲ ಎಂದು ಮಾತ್ರ ಹೇಳಬೇಡಿ. ದಿನಕ್ಕೆ ಎಂಟು ಗಂಟೆ ಜೊತೆಗಿರುವವರು ನಾವು. ಗಂಡ ವಿಡಿಯೊ ಕರೆ ಮಾಡಿದಾಗ ಮೊಬೈಲನ್ನು ಸುತ್ತ ತಿರುಗಿಸಿ, ತಾನು ಕೆಲಸದಲ್ಲೇ ಇದ್ದೇನೆಂದು ತೋರಿಸಬೇಕಾದ ಹೆಂಗಸನ್ನು ನಾವು ನೋಡಿಲ್ಲವೇ? ಸಂಬಳ ಬಿದ್ದ ಹತ್ತೇ ನಿಮಿಷಕ್ಕೆ ಹಣ ತೆಗೆದ ಸಂದೇಶ ಬರುತ್ತದೆ, ಎಟಿಎಂ ಕಾರ್ಡು ಅವನ ಜೇಬಿನಲ್ಲಿರುತ್ತದೆ. ಐದೂವರೆಯ ಬಸ್ ತಪ್ಪಿದರೆ ಅವಳ ಮುಖ ಬಿಳುಚಿಕೊಳ್ಳುತ್ತದೆ. ದುಡಿದ ಹಣ ಕಿತ್ತುಕೊಳ್ಳುವುದನ್ನೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ದೌರ್ಜನ್ಯವೆಂದೇ ಕರೆಯುತ್ತದೆ. ಹೊಡೆತದ ಗುರುತು ಇರಲೇಬೇಕೆಂದಿಲ್ಲ.

‘ನಾವು ತಲೆ ಹಾಕಿದರೆ ಅವಳಿಗೇ ಇನ್ನಷ್ಟು ಪೆಟ್ಟು’ ಎನ್ನುತ್ತಾರೆ. ಗೇಟಿಗೆ ಬಂದ ಗಂಡನನ್ನು ತಡೆದು ಬುದ್ಧಿ ಹೇಳಿದರೆ ಹಾಗೆಯೇ ಆಗುತ್ತದೆ, ನಿಜ. ಹಾಗೆಂದು ಅವಳನ್ನೂ ಮಾತನಾಡಿಸಬಾರದೇ? ಅವಳು ಒಬ್ಬಳೇ ಇದ್ದಾಗ, ‘ಕೈ ತುಂಬಾ ನೋಯುತ್ತಿದೆಯೇ? ಯಾವಾಗ ಬೇಕಾದರೂ ನನ್ನ ಹತ್ತಿರ ಬಾ’ ಎನ್ನುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಒಂಬತ್ತು ವರ್ಷಗಳ ಹಿಂದೆ ಇಂಥದ್ದೇ ಸ್ಥಿತಿಯಲ್ಲಿದ್ದ ಗೆಳತಿಗೆ, ಎಲ್ಲರ ಎದುರು, ‘ಯಾಕೆ ಸಹಿಸಿಕೊಂಡಿದ್ದೀಯ? ಬಿಟ್ಟು ಬರಬಾರದೇ?’ ಎಂದು ಕೇಳಿಬಿಟ್ಟೆ. ಮರುದಿನದಿಂದ ಅವಳು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ತಪ್ಪು ಅವಳದೇ ಎಂಬಂತೆ ಕೇಳಿದ್ದೆ ನಾನು. ಹೋಗುವುದೋ ಇರುವುದೋ, ಯಾವಾಗ, ಹೇಗೆ, ಅದನ್ನೆಲ್ಲ ತೀರ್ಮಾನಿಸಬೇಕಾದವಳು ಅವಳು. ಬಿಟ್ಟು ಹೊರಡುವ ಗಳಿಗೆಯಲ್ಲೇ ಜೀವಕ್ಕೆ ಹೆಚ್ಚು ಅಪಾಯವೆಂಬುದು ಆಗ ನನಗೆ ತಿಳಿದಿರಲಿಲ್ಲ.

ಮಹಿಳಾ ಸಹಾಯವಾಣಿ 181. ಪ್ರಾಣಕ್ಕೆ ಕುತ್ತು ಬಂದಾಗ 112. ಇನ್ನೊಬ್ಬಳಿಗೆ ಈ ಸಂಖ್ಯೆ ಕೊಟ್ಟಾಗ ಅವಳು ಕೇಳಿದ ಮೊದಲ ಪ್ರಶ್ನೆ, ‘ಕರೆ ಮಾಡಿದ್ದು ಮೊಬೈಲಿನಲ್ಲಿ ಉಳಿಯುತ್ತದಲ್ಲ?’ ಕಚೇರಿಯ ದೂರವಾಣಿ ಇರುವುದು ಯಾವುದಕ್ಕೆ? ಆಧಾರ್, ಪಾಸ್‌ಬುಕ್ ಪ್ರತಿಗಳನ್ನು ಇಟ್ಟುಕೊಳ್ಳಲು ಬೀಗವಿರುವ ಒಂದು ಡ್ರಾಯರ್ ಕೊಡಲಾರೆವೇ? ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ. ಅವರಿಗೆ ಯಾರು ಬೇಕಾದರೂ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದು ನಾಲ್ಕನೇ ಸೆಕ್ಷನ್ ಹೇಳುತ್ತದೆ. ಅವಳು ಒಪ್ಪಿದ ಮೇಲೆ ಕೊಡಿ, ಅಷ್ಟೆ. ಗಂಡ ಅವಳ ಕೆಲಸದ ಜಾಗಕ್ಕೆ ಕಾಲಿಡದಂತೆ ಮ್ಯಾಜಿಸ್ಟ್ರೇಟರು ಆದೇಶ ಹೊರಡಿಸಲೂಬಹುದು. ‘ಅವರ ಮನೆ ವಿಷಯ’ ಎನ್ನುವ ಆಡಳಿತದವರು ಇದನ್ನು ಓದಲಿ. ಕಾನೂನು ಗೇಟಿನವರೆಗೆ ಬಂದು ನಿಂತಿದೆ, ನಾವು ಗಾದೆ ಹೇಳುತ್ತಾ ಕುಳಿತಿದ್ದೇವೆ.

ಸಂಜೆ ತೂಕದ ಹೊತ್ತಿಗೆ ಶೆಡ್ಡಿಗೆ ಇಳಿದೆ. ನಮ್ಮಲ್ಲಿ ಆರಿಸಿದ ಕಿಲೋ ಲೆಕ್ಕದಲ್ಲಿ ಕೂಲಿ. ಎಡಗೈಯಲ್ಲಿ ಆರಿಸಿದವಳ ರಾಶಿ ಉಳಿದವರ ರಾಶಿಯಷ್ಟೇ ಇತ್ತು. ಅಕ್ಕಪಕ್ಕದ ಇಬ್ಬರು ಬೆಳಿಗ್ಗೆಯಿಂದ ತಾವು ಆರಿಸಿದ್ದರಲ್ಲಿ ಒಂದೊಂದು ಬೊಗಸೆಯನ್ನು ಅವಳ ಕಡೆಗೆ ಸರಿಸುತ್ತಲೇ ಇದ್ದರಂತೆ. ಆ ಇಬ್ಬರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನನ್ನನ್ನು ನೋಡಿ ಅವರು ತಲೆ ತಗ್ಗಿಸಿಕೊಂಡು ಮತ್ತೆ ಕಪ್ಪು ಬೀಜ ಆರಿಸತೊಡಗಿದರು. ನಾನು ಏನೂ ಕೇಳದೆ ತೂಕ ಬರೆದುಕೊಂಡೆ.