ನಾಲ್ಕು ಕಳಾವರ

ನಾನೂ ನಮ್ಮನೆಯವರೂ ಮೂವತ್ತೊಂದು ವರ್ಷ ಸಂಸಾರ ಮಾಡಿದ್ದು ಕಣ್ಸನ್ನೆಯಲ್ಲೇ. ನೆಂಟರ ಮನೆಯಲ್ಲಿ ಅವರು ಮೂರನೇ ಹೋಳಿಗೆಗೆ ಕೈ ಚಾಚಿದಾಗ ನಾನು ಹುಬ್ಬು ಏರಿಸಿದರೆ ಸಾಕು, ಕೈ ವಾಪಸ್. ಈ ಧೈರ್ಯದ ಮೇಲೇ ನಾವು ಬ್ರಿಡ್ಜ್ ಅನ್ನೋ ಇಸ್ಪೀಟಾಟ ಕಲಿಯಲು ಹೋಗಿದ್ದು. ಹೋದ ಮೇಲೆ ಗೊತ್ತಾಯಿತು, ಅಲ್ಲಿ ಜೊತೆಗಾರರಿಗೆ ಸನ್ನೆ ಮಾಡೋದೇ ತಪ್ಪು. ಇಪ್ಪತ್ತೆಂಟು ಅನ್ನೋ ಎಲೆ ಆಟ ಆಡುವಾಗ ಮೂಗು ತುರಿಸಿಕೊಂಡು ಗುಲಾಮ ಇದೆ ಅಂತ ಹೇಳಿ ಬೆಳೆದವಳು ನಾನು. ಇಲ್ಲಿ ಕೆಮ್ಮಿದರೂ ಎಲ್ಲರೂ ತಿರುಗಿ ನೋಡುತ್ತಾರೆ.

ಜುಲೈನಲ್ಲಿ ಚಿಕ್ಕಮಗಳೂರಿನ ಮಳೆ ನಿಮಗೆ ಗೊತ್ತಲ್ಲ. ಒಗೆದ ಬಟ್ಟೆ ಒಣಗೋದಿಲ್ಲ, ರಿಟೈರ್ ಆದ ಗಂಡ ಹೊರಗೆ ಹೋಗೋದಿಲ್ಲ. ಹಾಗಾಗಿ ಶನಿವಾರ ಸಂಜೆ ಎದುರುಮನೆ ಡಾಕ್ಟರು, ಅವರ ಹೆಂಡತಿ, ನಾವಿಬ್ಬರು ಎಲೆ ಹಾಕಲು ಕೂರುತ್ತೇವೆ. ಅವರದು ನಲವತ್ತು ವರ್ಷದ ಆಟ. ನಮ್ಮದು ಆಗ ನಾಲ್ಕು ತಿಂಗಳದ್ದು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ. ನಾಲ್ಕು ಜನ, ತಲಾ ಹದಿಮೂರು ಎಲೆ. ಎದುರಿಗೆ ಕೂತವರೇ ಜೊತೆಗಾರರು. ನಾಲ್ವರೂ ಒಂದೊಂದು ಎಲೆ ಹಾಕಿದ ಒಂದು ಸುತ್ತಿಗೆ ಟ್ರಿಕ್ ಅನ್ನುತ್ತಾರೆ. ಮೊದಲು ಹರಾಜು: ತುರುಪು ಯಾವುದು, ಎಷ್ಟು ಟ್ರಿಕ್ ಹೊಡೆಯುತ್ತೀರಿ ಅಂತ ಕೂಗಬೇಕು. ಆರು ಟ್ರಿಕ್ ಲೆಕ್ಕಕ್ಕಿಲ್ಲ, ಅದರ ಮೇಲಿನದಷ್ಟೇ ಎಣಿಕೆ. ಆರು ಅಂತ ಕೂಗಿದರೆ ಹನ್ನೆರಡು ಟ್ರಿಕ್ ತೆಗೆಯಬೇಕು, ಅದು ಸ್ಲ್ಯಾಮ್. ಏಳು ಅಂದರೆ ಹದಿಮೂರೂ ನಮ್ಮದೇ, ಗ್ರ್ಯಾಂಡ್ ಸ್ಲ್ಯಾಮ್. ಬಾಬಾ ಬುಡನ್ ಏಳೇ ಏಳು ಕಾಫಿ ಬೀಜ ತಂದು ನಮ್ಮ ಬೆಟ್ಟದಲ್ಲಿ ನೆಟ್ಟರು ಅನ್ನುತ್ತಾರೆ. ಏಳಕ್ಕೆ ಹೆದರಬಾರದ ಊರು ನಮ್ಮದು. ಆದರೆ ನಾವು ಆರಕ್ಕೇ ಏರಿರಲಿಲ್ಲ.

ಅವತ್ತು ಏರುವ ಯೋಗ ಬಂತು. ನಮ್ಮನೆಯವರು "ಒಂದು ಸ್ಪೇಡ್" ಅಂದರು. ನನ್ನ ಎಲೆ ನೋಡಿಕೊಂಡೆ. ಸ್ಪೇಡ್ ರಾಜ, ರಾಣಿ ಸೇರಿ ನಾಲ್ಕು. ಆಟೀನು, ಅಂದರೆ ಹಾರ್ಟ್, ಎಕ್ಕ, ಗುಲಾಮ. ಡೈಮಂಡ್ ರಾಣಿ. ಕಳಾವರ ಒಂದೇ ಒಂದು, ಅದೂ ಬಡಪಾಯಿ ನಾಲ್ಕು.

ಇಂಥ ಕೈಗೆ ಅಂತಲೇ ಸ್ಪ್ಲಿಂಟರ್ ಅನ್ನೋ ಕೂಗು ಇದೆ. ಎರಡು ಮೆಟ್ಟಿಲು ಒಟ್ಟಿಗೆ ಹಾರಿ "ನಾಲ್ಕು ಕಳಾವರ" ಅನ್ನಬೇಕು. ಅರ್ಥ ಏನಪ್ಪಾ ಅಂದರೆ, ನಿಮ್ಮ ತುರುಪಿಗೆ ನನ್ನ ಭರ್ತಿ ಬೆಂಬಲ ಇದೆ, ಕೈ ಚೆನ್ನಾಗಿದೆ, ಕಳಾವರ ಮಾತ್ರ ಒಂದೋ ಸೊನ್ನೆಯೋ. ಇಲ್ಲದ್ದನ್ನೇ ಇದೆ ಅನ್ನೋ ಹಾಗೆ ಹೇಳಿ, ಇಲ್ಲ ಅಂತ ತಿಳಿಸೋದು. ಅದನ್ನು ಅಡುಗೆಮನೆಯ ಡಬ್ಬದ ಮೇಲೆ ಬರೆದು ಅಂಟಿಸಿ, ಇವರಿಗೆ ಒಂದು ವಾರ ಪಾಠ ಹೇಳಿದ್ದೆ.

"ನಾಲ್ಕು ಕಳಾವರ" ಅಂದೆ. ಇವರು ಕನ್ನಡಕ ಸರಿಮಾಡಿಕೊಂಡರು. ಚಾವಣಿ ನೋಡಿದರು. ಮುಖದಲ್ಲಿ ಸಮಾಧಾನ ತುಂಬಿಕೊಂಡು "ಪಾಸ್" ಅಂದರು.

ನನ್ನ ಹೊಟ್ಟೆಯಲ್ಲಿ ಒರಳು ಕಲ್ಲು ತಿರುಗಿದ ಹಾಗಾಯಿತು. ಹುಬ್ಬು ಏರಿಸೋ ಹಾಗಿಲ್ಲ. ಉಳಿದಿದ್ದು ಡಾಕ್ಟರೊಬ್ಬರೇ, ಅವರೂ ಪಾಸ್ ಅಂದರೆ ಕಳಾವರವೇ ತುರುಪು. ಅವರು ದಂಡ ಹೆಚ್ಚಿಸೋಕೆ "ಡಬಲ್" ಅಂದಿದ್ದರೆ ನನಗೆ ಇನ್ನೊಂದು ಸರದಿ ಸಿಗುತ್ತಿತ್ತು, ಸ್ಪೇಡಿಗೆ ಓಡಿಹೋಗುತ್ತಿದ್ದೆ. ಅಷ್ಟು ದಡ್ಡರಲ್ಲ ಅವರು. ತಣ್ಣಗೆ "ಪಾಸ್" ಅಂದು ಚಕ್ಕುಲಿ ಮುರಿದರು.

ಕಳಾವರ ಮೊದಲು ಕೂಗಿದವಳು ನಾನು, ಹಾಗಾಗಿ ಆಡಬೇಕಾದವಳೂ ನಾನೇ. ಇವರು ಎಲೆ ಬಿಚ್ಚಿ ಮೇಜಿನ ಮೇಲೆ ಜೋಡಿಸಿದರು. ಕಳಾವರ ಎಂಟು, ಆರು, ಎರಡು. ನನ್ನದೊಂದು ಸೇರಿ ನಮ್ಮ ತುರುಪು ಒಟ್ಟು ನಾಲ್ಕು. ಎದುರಾಳಿಗಳ ಹತ್ತಿರ ನಮ್ಮ ತುರುಪು ಒಂಬತ್ತು! ಐದು ಸುತ್ತು ಕಳಾವರ ಹೊಡೆದರು ಪುಣ್ಯಾತ್ಮರು. ಎಲೆ ಎಸೆಯುತ್ತಾ ಕೂತೆ. ಉಳಿದ ಎಂಟು ಟ್ರಿಕ್ ನಮಗೆ ಬಂತು, ಬೇಕಾಗಿದ್ದು ಹತ್ತು. ಸ್ಪೇಡಿನಲ್ಲಿ ಆಡಿದ್ದರೆ ಒಂದೇ ಒಂದು ಕಳಾವರ ಬಿಟ್ಟು ಹನ್ನೆರಡೂ ನಮ್ಮವೇ. 980 ಪಾಯಿಂಟ್ ಬರಬೇಕಾದ ಕಡೆ ನಾವೇ 100 ಕೊಟ್ಟೆವು.

"ನಿನಗೆ ಕಳಾವರ ಜಾಸ್ತಿ ಬಂದಿದೆ ಅಂದ್ಕೊಂಡೆ ಕಣೇ" ಅಂದರು.

ನಾನು ಏನೂ ಹೇಳಲಿಲ್ಲ. ಹೇಳದಿರೋದು ಹೇಳೋದಕ್ಕಿಂತ ಜಾಸ್ತಿ ಅಂತ ಮೂವತ್ತೊಂದು ವರ್ಷದಲ್ಲಿ ಅವರಿಗೆ ಗೊತ್ತಾಗಿದೆ. ಅದರ ಪರಿಣಾಮವೇ ಮುಂದಿನ ಅನಾಹುತ. ಇನ್ನು ನಾನು ಏನೇ ವಿಚಿತ್ರವಾಗಿ ಕೂಗಿದರೂ ಪಾಸ್ ಮಾತ್ರ ಅನ್ನಬಾರದು ಅಂತ ಇವರು ಶಪಥ ಮಾಡಿಕೊಂಡುಬಿಟ್ಟಿದ್ದರು.

ಅರ್ಧ ಗಂಟೆ ಆದ ಮೇಲೆ "ಒಂದು ಹಾರ್ಟ್" ಅಂದರು. ನನ್ನ ಹತ್ತಿರ ಐದು ಆಟೀನು, ದೊಡ್ಡ ಎಲೆಗಳ ಲೆಕ್ಕದಲ್ಲಿ ಒಟ್ಟು 13 ಪಾಯಿಂಟ್. "ಎರಡು ನೋಟ್ರಂಪ್" ಅಂದೆ. ನೋಟ್ರಂಪ್ ಅಂದರೆ ತುರುಪೇ ಇಲ್ಲದ ಆಟ, ಆದರೆ ಇಲ್ಲಿ ಅರ್ಥ ಬೇರೆ. ಇದು ಜೇಕೋಬಿ ಕೂಗು: ತುರುಪು ಗಟ್ಟಿ, ಮುಂದಕ್ಕೆ ಮಾತಾಡೋಣ ಅಂತ. ಇವರು ಮಾತಾಡಲಿಲ್ಲ, ಒಂದೇ ನೆಗೆತಕ್ಕೆ "ನಾಲ್ಕು ನೋಟ್ರಂಪ್" ಅಂದರು. ಅದು ಬ್ಲಾಕ್‌ವುಡ್, ಎಕ್ಕ ಎಷ್ಟಿದೆ ಅನ್ನೋ ಪ್ರಶ್ನೆ. 1933ರಲ್ಲಿ ಇದನ್ನು ಹುಟ್ಟುಹಾಕಿದ ಅಮೆರಿಕದ ಈಸ್ಲಿ ಬ್ಲಾಕ್‌ವುಡ್ ವಿಮೆ ಕಂಪನಿಯವರು. ಆಸ್ವಲ್ಡ್ ಜೇಕೋಬಿಯೂ ವಿಮೆಯ ಲೆಕ್ಕ ಹಾಕುತ್ತಿದ್ದವರೇ. ನಮ್ಮನೆಯವರೂ ವಿಮೆಯಲ್ಲೇ ಸವೆದವರು, ಹಾಗಾಗಿ ಈ ಇಬ್ಬರ ಮೇಲೆ ಅವರಿಗೆ ಒಂಥರಾ ದಾಯಾದಿ ಅಭಿಮಾನ. ಕೆಲಸದಲ್ಲಿದ್ದಾಗ ಒಂದು ಪಾಲಿಸಿಗೆ ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತಾ ಅಂತ ಕೇಳುತ್ತಿದ್ದ ಮನುಷ್ಯ, ಇಲ್ಲಿ ಒಂದೇ ಪ್ರಶ್ನೆಗೆ ಸಹಿ ಹಾಕಲು ತಯಾರು.

"ಐದು ಡೈಮಂಡ್" ಅಂದೆ. ಒಂದು ಎಕ್ಕ ಇದೆ ಅಂತ ಅರ್ಥ, ನನ್ನದು ಕಳಾವರದ್ದು. ಇವರ ಹತ್ತಿರ ಎರಡು. ಹೋಗಿದ್ದು ಒಂದೇ ಅಲ್ವಾ ಅಂತ "ಆರು ಹಾರ್ಟ್" ಅಂದೇಬಿಟ್ಟರು.

ಎರಡೂ ಕೈ ಸೇರಿ ಹತ್ತು ಆಟೀನು, ಎಕ್ಕದಿಂದ ಗುಲಾಮನವರೆಗೆ ಎಲ್ಲ ನಮ್ಮದೇ. ಸ್ಪೇಡ್, ಕಳಾವರದ ದೊಡ್ಡ ಎಲೆಗಳೂ ನಮ್ಮವೇ. ಡೈಮಂಡ್ ಮಾತ್ರ ಇವರ ಹತ್ತಿರ ಎಂಟು, ಮೂರು. ನನ್ನ ಹತ್ತಿರ ಗುಲಾಮ, ಆರು. ಡಾಕ್ಟರು ಡೈಮಂಡ್ ಎಕ್ಕ ಇಟ್ಟರು, ಹಿಂದೆಯೇ ರಾಜನನ್ನೂ ಇಟ್ಟರು. ಅಲ್ಲಿಗೆ ಎರಡು ಟ್ರಿಕ್ ಹೋಯಿತು, ಸ್ಲ್ಯಾಮೂ ಹೋಯಿತು. ಆಟ ಶುರುವಾಗಿ ಹತ್ತು ಸೆಕೆಂಡೂ ಆಗಿರಲಿಲ್ಲ.

ಎಕ್ಕ ಎಣಿಸುವ ಮುಂಚೆ ಒಂದೊಂದೇ ಬಣ್ಣದ ಹೆಸರು ಹೇಳಿಕೊಂಡು ನಿಧಾನಕ್ಕೆ ಏರಬೇಕಂತೆ, ಅದಕ್ಕೆ ಕ್ಯೂ ಬಿಡ್ ಅನ್ನುತ್ತಾರೆ. ಸಂಬಂಧ ಕುದುರಿಸುವಾಗ ಹುಡುಗನ ಓದು, ತೋಟ, ಮನೆ ಎಲ್ಲ ವರ್ಣಿಸಿ ಕೆಲಸದ ಸುದ್ದಿ ಮಾತ್ರ ಯಾರೂ ಎತ್ತದಿದ್ದರೆ ನಮಗೆ ಅರ್ಥ ಆಗೋದಿಲ್ವಾ? ಹಾಗೇ ಇದು. ಇಬ್ಬರೂ ಡೈಮಂಡ್ ಹೆಸರೇ ಎತ್ತಲಿಲ್ಲ ಅಂದರೆ ತೂತಿರೋದು ಅಲ್ಲೇ. ಆಗ ಸುಮ್ನೆ ಕೆಳಗೇ ನಿಲ್ಲಬಹುದಿತ್ತು. ಡಾಕ್ಟರ ಹೆಂಡತಿ ಇದನ್ನೆಲ್ಲ ಬಹಳ ಪ್ರೀತಿಯಿಂದ ವಿವರಿಸಿದರು. ಸೋತವರಿಗೆ ಪಾಠ ಹೇಳುವಾಗ ಅವರಿಗೆ ಬಿಪಿ ಇಳಿಯುತ್ತದೆ ಅಂತ ನನ್ನ ಗುಮಾನಿ.

ರಾತ್ರಿ ಒಂದೇ ಛತ್ರಿಯಲ್ಲಿ ರಸ್ತೆ ದಾಟುವಾಗ ಇವರು ಕೇಳಿದರು, "ಆ ಸ್ಪ್ಲಿಂಟರ್ ಅನ್ನೋದನ್ನ ಇನ್ನೊಂದು ಸಲ ಹೇಳೇ." ಹೇಳಿದೆ. ನಮ್ಮಲ್ಲಿ ಏನು ಕಮ್ಮಿ ಇದೆಯೋ ಅದನ್ನೇ ಜೋರಾಗಿ ಹೇಳೋದು, ಜೊತೆಗಾರ ಅರ್ಥ ಮಾಡಿಕೊಳ್ಳೋದು. "ಇಷ್ಟೇನಾ! ಇದು ಮನೇಲಿ ದಿನಾ ನಡೆಯೋದೇ ಬಿಡು" ಅಂದರು.

ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಆರು ಜನ ನೆಂಟರು ಬಂದಿಳಿದರು. ಹಾಲಿನ ಪಾತ್ರೆಯಲ್ಲಿ ಒಂದು ಲೋಟವೂ ಇಲ್ಲ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳೋ ಹಾಗೆ ಅಂದೆ, "ರೀ, ಹಾಲನ್ನ ಬೆಕ್ಕು ಕುಡಿದುಬಿಡ್ತು ನೋಡ್ರಿ."

ಇವರು ಪೇಪರ್ ಮಡಚಿದರು. ಕನ್ನಡಕ ಸರಿಮಾಡಿಕೊಂಡರು. ಚಾವಣಿ ನೋಡಿದರು.

"ನಮ್ಮನೇಲಿ ಬೆಕ್ಕೆಲ್ಲಿದೆಯೇ?"